ಲಿಫ್ಟ್‌ನಿಂದ 22 ಹೆಜ್ಜೆ

ರಾತ್ರಿ 8 ಗಂಟೆಗೆ ನನ್ನ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ನಾಳೆ ಆಫೀಸಿನಲ್ಲಿ ಎಲ್ಲಿ ಕೂರಬೇಕು ಅನ್ನೋದು ಆ ಹೊತ್ತಿಗೆ ತೀರ್ಮಾನ ಆಗಬೇಕು. ಸೀಟು ಬುಕ್ ಮಾಡುವ ಆ್ಯಪ್ ಸರಿಯಾಗಿ ಎಂಟಕ್ಕೆ ತೆರೆಯುತ್ತದೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. ಕಿಟಕಿ ಪಕ್ಕದ ಸೀಟುಗಳು ಎರಡೇ ನಿಮಿಷದಲ್ಲಿ ಖಾಲಿ. ಆಮೇಲೆ ಉಳಿಯುವುದು ಪ್ಯಾಂಟ್ರಿ ಬಾಗಿಲಿನ ಎದುರಿನವು, ಪ್ರಿಂಟರ್ ಪಕ್ಕದವು, ಏಸಿ ಗಾಳಿ ನೇರ ನೆತ್ತಿಗೆ ಬೀಸುವ ಮೂಲೆಯವು. ಒಂದು ದಿನ ಹೀಗೇ ಸೀಟು ಹಿಡಿಯೋ ಗಡಿಬಿಡಿಯಲ್ಲಿ ಸಾರು ಉಕ್ಕಿ ಒಲೆಯೆಲ್ಲ ಹರಿಯಿತು. ಅತ್ತೆ ಕೇಳಿದರು, "ಅಲ್ಲಮ್ಮಾ, ಇಪ್ಪತ್ತು ವರ್ಷದಿಂದ ಕೆಲಸ ಮಾಡ್ತಿದ್ದೀಯ, ನಿಂಗೊಂದು ಕುರ್ಚಿ ಇಲ್ವಾ ಅಲ್ಲಿ?"

ಏನು ಹೇಳಬೇಕೋ ತೋಚಲಿಲ್ಲ. ಆ ಪ್ರಶ್ನೆ ತಲೆಯಲ್ಲೇ ಕೂತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್ ಕಡೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಒಂದೇ ಮೆಟ್ರೋದಲ್ಲಿ ಹೋಗಿ ಇಳಿಯಬಹುದು, ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ ಅನ್ನೋದು ಬೇರೆ ಮಾತು. ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ಎಂಜಿನಿಯರುಗಳು ಮಾಡಿದ್ದನ್ನು ನೋಡಿ, ಅವರನ್ನು ಕೇಳಿ, ಅರ್ಥ ಮಾಡಿಕೊಂಡು, ಏನೂ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಬರೆಯಬೇಕು. ಮನಸ್ಸು ಒಂದು ಕಡೆ ನಿಲ್ಲದೆ ಈ ಕೆಲಸ ಆಗಲ್ಲ.

ನಮ್ಮ ಮಹಡಿಗೆ ಸೇರಿದವರು 180 ಜನ, ಸೀಟು ಇರುವುದು 110. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ. ಎಲ್ಲರೂ ಒಂದೇ ದಿನ ಬರಲ್ಲ ಅನ್ನುವ ಲೆಕ್ಕ ಅದು. ಆದರೆ ಟೀಮು ಅಂದ ಮೇಲೆ ಎಲ್ಲರೂ ಸೇರಬೇಕಲ್ಲ, ಹಾಗಾಗಿ ಮಂಗಳವಾರ, ಬುಧವಾರ ಜಾತ್ರೆ, ಶುಕ್ರವಾರ ಬಂದರೆ ಲೈಟು ಹಾಕೋಕೂ ಜನ ಇಲ್ಲ. ಇದಕ್ಕೆ ನಮ್ಮಲ್ಲಿ ಫ್ಲೆಕ್ಸಿಬಲ್, ಅಂದರೆ ಹೊಂದಿಕೊಳ್ಳುವ ಆಫೀಸು ಅಂತ ಹೆಸರು.

ಆಫೀಸು ಅಂದ ತಕ್ಷಣ ನನ್ನ ಕಣ್ಣೆದುರು ಬರುವುದು ಅಪ್ಪನ ಮೇಜು. ಅಪ್ಪ ಬೆಂಗಳೂರಿನ ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್‌ನಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆ ರಜೆಯಲ್ಲಿ ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮರದ ಮೇಜು, ಅದರ ಮೇಲೆ ಹಸಿರು ಬಟ್ಟೆ, ಬಟ್ಟೆ ಮೇಲೆ ದಪ್ಪ ಗಾಜು. ಗಾಜಿನ ಕೆಳಗೆ ವೆಂಕಟರಮಣನ ಪಟ, ನನ್ನ ಮತ್ತು ತಮ್ಮನ ಸ್ಕೂಲ್ ಫೋಟೊ, ಅಪ್ಪನ ದುಂಡು ಅಕ್ಷರದಲ್ಲಿ ಫೋನ್ ನಂಬರ್ ಬರೆದ ಚೀಟಿ, ಯಾರದೋ ಮದುವೆ ಕಾಗದ. ಗಾಜಿನ ಒಂದು ಮೂಲೆ ಒಡೆದಿತ್ತು, ಅಲ್ಲಿಗೆ ಟೇಪು ಅಂಟಿಸಿದ್ದರು. ಕುರ್ಚಿ ಬೆನ್ನಿಗೆ ಮನೆಯಿಂದ ತಂದ ಟವೆಲ್. ಆ ಆಫೀಸು ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಫೈಲುಗಳ ಧೂಳಿಗೆ ಅಪ್ಪನಿಗೆ ವರ್ಷವಿಡೀ ಸೀನು. ಫ್ಯಾನ್ ಹಾಕಿದರೆ ಕಾಗದ ಹಾರುತ್ತಿತ್ತು, ಆರಿಸಿದರೆ ಬೆವರು. ಆದರೂ ಆ ಮೂರಡಿ ಜಾಗ ಅವರದಾಗಿತ್ತು. ಅಪ್ಪನನ್ನು ಹುಡುಕಿಕೊಂಡು ಬಂದವರಿಗೆ ಅವರು ಎಲ್ಲಿ ಸಿಗುತ್ತಾರೆ ಅಂತ ಗೊತ್ತಿತ್ತು.

ನಾನು ಕೆಲಸಕ್ಕೆ ಸೇರಿದ್ದು 2004ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೂದು ಬಟ್ಟೆ ಹೊದಿಸಿದ ಗೋಡೆಗಳ ಕ್ಯೂಬಿಕಲ್. ಮೊದಲ ದಿನವೇ ಒಂದು ಪಿನ್ ಚುಚ್ಚಿ ಅಪ್ಪ ಅಮ್ಮನ ಫೋಟೊ ಹಾಕಿದೆ. ಆಗ ಎಲ್ಲರೂ ಕ್ಯೂಬಿಕಲ್ ಅನ್ನು ಬೈಯುತ್ತಿದ್ದರು, ನಾನೂ ಬೈದಿದ್ದೇನೆ. ಅದು ಹುಟ್ಟಿದ ಕಥೆ ತಿಳಿದಿದ್ದು ಎಷ್ಟೋ ವರ್ಷ ಆದ ಮೇಲೆ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯಲ್ಲಿ ರಾಬರ್ಟ್ ಪ್ರಾಪ್ಸ್ಟ್ ಅಂತ ಒಬ್ಬರಿದ್ದರು. 1964ರಲ್ಲಿ ಅವರ ಕಂಪನಿ ಆ್ಯಕ್ಷನ್ ಆಫೀಸ್ ಅನ್ನುವ ಹೊಸ ಥರದ ಮೇಜುಗಳನ್ನು ತಂದಿತು, 1968ರಲ್ಲಿ ಅದನ್ನೇ ಸುಧಾರಿಸಿ ಜರುಗಿಸಬಲ್ಲ ಗೋಡೆಗಳ ಸಮೇತ ತಂದಿತು. ಕೆಲಸ ಮಾಡುವವರು ಗೋಡೆಯನ್ನು ತಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಲಿ, ಬೇಕಾದಾಗ ನಿಂತು ಕೆಲಸ ಮಾಡಲಿ, ಇಡೀ ದಿನ ಒಂದೇ ಭಂಗಿಯಲ್ಲಿ ಕೂತು ಸೊರಗದೆ ಇರಲಿ ಅನ್ನುವುದು ಪ್ರಾಪ್ಸ್ಟ್ ಅವರ ಆಸೆ. ಕೊಂಡ ಕಂಪನಿಗಳು ಮಾತ್ರ ಅದೇ ಗೋಡೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಚೌಕ ಡಬ್ಬಿಗಳನ್ನು ಮಾಡಿದವು. ಒಂದು ಮಹಡಿಯಲ್ಲಿ ಎಷ್ಟು ಜನರನ್ನು ಕೂರಿಸಬಹುದು ಅನ್ನುವ ಲೆಕ್ಕವೇ ಗೆದ್ದಿತು. ಕೊನೆಗಾಲದಲ್ಲಿ ಪ್ರಾಪ್ಸ್ಟ್ ತಾವೇ ಆ ಡಬ್ಬಿಗಳನ್ನು ಕಟುವಾಗಿ ಟೀಕಿಸಿದರು. ಇದನ್ನು ಓದಿದ ದಿನ ನನಗೆ ನಿಜವಾಗಲೂ ಬೇಜಾರಾಯಿತು. ಮನುಷ್ಯನ ಮೈಮನಸ್ಸಿನ ಬಗ್ಗೆ ಯೋಚಿಸಿ ಮಾಡಿದ್ದು ಚದರಡಿ ಲೆಕ್ಕದವರ ಕೈಗೆ ಹೋಗಿಬಿಟ್ಟಿತಲ್ಲ.

ಆಮೇಲೆ ಗೋಡೆಯೂ ಹೋಯಿತು. ನನಗೆ ನೆನಪಿರುವ ಹಾಗೆ 2013, 14ರ ಹೊತ್ತಿಗೆ ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಉದ್ದನೆಯ ಬೆಂಚು, ಎದುರುಬದುರು ಕೂತ ಜನ. ಗೋಡೆ ಇಲ್ಲದಿದ್ದರೆ ಮಾತು ಜಾಸ್ತಿ ಆಗುತ್ತದೆ, ಹೊಸ ಐಡಿಯಾ ಹುಟ್ಟುತ್ತದೆ ಅಂತ ನಮಗೆ ಹೇಳಿದ್ದರು. ನಮ್ಮಲ್ಲಿ ಆಗಿದ್ದು ಬೇರೆ. ಎದುರಿಗೇ ಕೂತವರ ಮುಖ ನೋಡದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅವರಿಗೇ ಚಾಟ್‌ನಲ್ಲಿ ಮೆಸೇಜ್ ಕಳಿಸತೊಡಗಿದೆವು. ಇದು ನಮ್ಮ ಜನದ ತಪ್ಪೇನೋ ಅಂದುಕೊಂಡಿದ್ದೆ. 2018ರಲ್ಲಿ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ ಅನ್ನುವವರ ಅಧ್ಯಯನ ಬಂತು. ದೊಡ್ಡ ಕಂಪನಿಗಳು ಗೋಡೆ ತೆಗೆಯುವ ಮೊದಲು ಮತ್ತು ತೆಗೆದ ಮೇಲೆ, ಕೆಲಸಗಾರರ ಕೊರಳಿಗೆ ಸಣ್ಣ ಯಂತ್ರ ಹಾಕಿ ಯಾರು ಯಾರೊಡನೆ ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ಅಳೆದಿದ್ದರು. ಗೋಡೆ ಹೋದ ಮೇಲೆ ಮುಖಾಮುಖಿ ಮಾತು ಸುಮಾರು 70 ಶೇಕಡಾ ಕಡಿಮೆ ಆಗಿತ್ತು, ಇಮೇಲ್, ಮೆಸೇಜ್ ಜಾಸ್ತಿ ಆಗಿದ್ದವು. ಎಲ್ಲರ ಕಣ್ಣೆದುರು ಇರಬೇಕಾದಾಗ ಮನುಷ್ಯ ತನ್ನೊಳಗೇ ಒಂದು ಬಾಗಿಲು ಹಾಕಿಕೊಳ್ಳುತ್ತಾನೆ, ಅಲ್ವಾ?

ಸದ್ದಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಿಡ್ನಿ ವಿಶ್ವವಿದ್ಯಾಲಯದ ಇಬ್ಬರು 2013ರಲ್ಲಿ 303 ಆಫೀಸು ಕಟ್ಟಡಗಳ 42,000ಕ್ಕೂ ಹೆಚ್ಚು ಜನರ ಉತ್ತರಗಳನ್ನು ಜೋಡಿಸಿ ನೋಡಿದ್ದರು. ತೆರೆದ ಆಫೀಸಿನಲ್ಲಿ ಒಬ್ಬರಿಗೊಬ್ಬರು ಸಿಗುವುದರಿಂದ ಆಗುವ ಲಾಭಕ್ಕಿಂತ ಸದ್ದು ಮತ್ತು ಏಕಾಂತದ ಕೊರತೆಯಿಂದ ಆಗುವ ಬೇಸರವೇ ಜಾಸ್ತಿ ಅಂತ ತಿಳಿದುಬಂತು. ಆದರೆ ಎಲ್ಲ ಸದ್ದೂ ಒಂದೇ ಅಲ್ಲ. ಏಸಿಯ ಗುಂಯ್ ಅನ್ನುವ ಸದ್ದು ಹತ್ತು ನಿಮಿಷದಲ್ಲಿ ಮರೆತೇಹೋಗುತ್ತದೆ. ಪಕ್ಕದವರು ಫೋನಿನಲ್ಲಿ ಆಡುವ ಮಾತು ಮರೆಯಲ್ಲ. ಆ ಕಡೆಯವರು ಏನಂದರು ಅನ್ನುವುದನ್ನು ನಮ್ಮ ತಲೆ ತಾನೇ ತುಂಬಿಸಿಕೊಳ್ಳಲು ಹೊರಡುತ್ತದೆ. ಅರ್ಧ ಕೇಳಿಸುವ ಫೋನ್ ಮಾತು ಪೂರ್ತಿ ಕೇಳಿಸುವ ಸಂಭಾಷಣೆಗಿಂತ ಹೆಚ್ಚು ಗಮನ ಕೆಡಿಸುತ್ತದೆ ಅಂತ ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲೇ ತೋರಿಸಿದ್ದಾರೆ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಪದರ ಇದೆ, ಇದು ನನ್ನ ಸ್ವಂತ ಅನುಭವ. ನಮ್ಮ ಸಾಲಿನಲ್ಲಿ ಮಲಯಾಳಂ, ತೆಲುಗು, ಹಿಂದಿ, ಬಂಗಾಳಿ ಎಲ್ಲ ನಡೆಯುತ್ತಿರುತ್ತದೆ. ನನಗೆ ಮಲಯಾಳಂ ಬರಲ್ಲ. ಪಕ್ಕದ ಹುಡುಗಿ ಅವರಮ್ಮನ ಹತ್ತಿರ ಅರ್ಧ ಗಂಟೆ ಮಲಯಾಳಂನಲ್ಲಿ ಮಾತಾಡಿದರೂ ಅದು ನನಗೆ ಮಳೆ ಸದ್ದಿನ ಹಾಗೆ. ಅದೇ ಮೂರು ಸಾಲು ಆಚೆ ಯಾರೋ ಮೆಲ್ಲಗೆ ಕನ್ನಡದಲ್ಲಿ "ಇಲ್ಲ ಕಣೋ, ಡಾಕ್ಟರು ಇನ್ನೂ ರಿಪೋರ್ಟ್ ಕೊಟ್ಟಿಲ್ಲ" ಅಂದರೆ ಸಾಕು, ನನ್ನ ಕೈ ಕೀಬೋರ್ಡ್ ಮೇಲೆ ನಿಂತುಹೋಗುತ್ತದೆ. ಯಾರಿಗೆ ಏನಾಯಿತೋ ಅಂತ. ಕೇಳಬಾರದ್ದನ್ನು ಕೇಳಿಸಿಕೊಂಡ ಮುಜುಗರ ಬೇರೆ. ತಾಯಿನುಡಿಗೆ ಕಿವಿ ಮುಚ್ಚೋಕೆ ಆಗಲ್ಲ.

ಗೋಡೆ ಹೋಗಿದ್ದಾಯಿತು, ಕೊರೊನಾ ಬಂದು ಹೋಗಿದ್ದಾಯಿತು. ವಾಪಸ್ ಬಂದಾಗ ಸೀಟೂ ಹೋಗಿತ್ತು. ಮೇಜಿನ ಮೇಲೆ ಏನೂ ಬಿಡಬಾರದು, ಸಂಜೆ ಎಲ್ಲ ಎತ್ತಿ ಲಾಕರಿಗೆ ಹಾಕಬೇಕು, ಬೆಳಿಗ್ಗೆ ಸಿಕ್ಕಿದ ಕಡೆ ಕೂರಬೇಕು. ಇದು ಹೊಸ ಪ್ರಯೋಗ ಅಂದಿದ್ದರು. ನಿಜ ಹೇಳಬೇಕೆಂದರೆ ಮೂವತ್ತು ವರ್ಷದ ಹಿಂದೆಯೇ ಶಯಟ್ ಡೇ ಅನ್ನುವ ಅಮೆರಿಕದ ಜಾಹೀರಾತು ಕಂಪನಿ ಲಾಸ್ ಏಂಜಲೀಸ್‌ನಲ್ಲಿ ಇದನ್ನೇ ಮಾಡಿತ್ತು. ಯಾರಿಗೂ ಸ್ವಂತ ಮೇಜಿಲ್ಲ, ಬೆಳಿಗ್ಗೆ ಬಂದು ಕೌಂಟರಿನಲ್ಲಿ ಫೋನು, ಲ್ಯಾಪ್‌ಟಾಪ್ ಇಸ್ಕೊಂಡು ಎಲ್ಲಾದರೂ ಕೂರಬೇಕು. ಫೋನೂ ಸಾಲಲಿಲ್ಲ, ಜಾಗವೂ ಸಾಲಲಿಲ್ಲ. ಕೆಲವರು ಕಾಗದಪತ್ರಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದರು. ಕೆಲವೇ ವರ್ಷದಲ್ಲಿ ಅದನ್ನು ಕೈಬಿಟ್ಟು, ಹೊಸ ಕಟ್ಟಡಕ್ಕೆ ಹೋದಾಗ ಜನಕ್ಕೆ ಮತ್ತೆ ಅವರವರ ಜಾಗ ಕೊಟ್ಟರು.

ಬದಲಾಗುವ ಸೀಟಿನಿಂದ ಏನು ಕಷ್ಟ, ಕುರ್ಚಿ ಕುರ್ಚಿಯೇ ಅಲ್ವಾ ಅನ್ನುವವರಿಗೆ ನಮ್ಮ ಟೀಮಿನ ಒಬ್ಬರ ಬೆಳಗನ್ನು ತೋರಿಸಬೇಕಿತ್ತು. ಅವರಿಗೆ ಸೊಂಟದ ಡಿಸ್ಕ್ ತೊಂದರೆ. ಬಂದ ತಕ್ಷಣ ಬ್ಯಾಗು ಇಟ್ಟು ಕುರ್ಚಿಯ ಮುಂದೆ ಮಂಡಿಯೂರುತ್ತಿದ್ದರು. ಎತ್ತರದ ಲಿವರ್, ಬೆನ್ನಿನ ಬಿಗಿ, ಕೈಯಾನಿಸುವ ಜಾಗ, ಒಂದೊಂದೇ ಸರಿ ಮಾಡಿ, ಕೂತು ನೋಡಿ, ಎದ್ದು ಮತ್ತೆ ತಿರುಗಿಸುತ್ತಿದ್ದರು. ಆಮೇಲೆ ಮಾನಿಟರ್ ಕೆಳಗೆ ಎರಡು ಪ್ರಿಂಟ್ ಪೇಪರ್ ಬಂಡಲ್. ಹತ್ತು ನಿಮಿಷ ಬೇಕಾಗಿತ್ತು. ಮರುದಿನ ಬೇರೆ ಕುರ್ಚಿ, ಮತ್ತೆ ಮೊದಲಿನಿಂದ. ಒಂದು ದಿನ ಲಿವರ್ ಕೆಟ್ಟಿದ್ದ ಕುರ್ಚಿ ಸಿಕ್ಕಿ ಮಧ್ಯಾಹ್ನದ ಹೊತ್ತಿಗೆ ಅವರು ರಜೆ ಹಾಕಿ ಹೊರಟರು. ಆ ರಜೆಯ ಲೆಕ್ಕ ಎಲ್ಲೂ ಬರೆಯಲ್ಲ, ಸೀಟು ಉಳಿಸಿದ ಲೆಕ್ಕ ಮಾತ್ರ ಬರೆಯುತ್ತಾರೆ.

ಇನ್ನು ನಾನು ಹೇಳಲೇಬೇಕಾದದ್ದು ನಮ್ಮ ಜೊತೆ ಕೆಲಸ ಮಾಡುವ ಒಬ್ಬ ಹುಡುಗನ ವಿಷಯ. ಹಾಸನದ ಕಡೆಯವನು, ಕಣ್ಣು ಕಾಣಲ್ಲ. ಪರದೆಯ ಮೇಲಿರುವ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಕೆಲಸ ಮಾಡುತ್ತಾನೆ, ಬಹಳ ಚುರುಕು. ಹಳೆ ವ್ಯವಸ್ಥೆಯಲ್ಲಿ ಅವನಿಗೆ ತನ್ನ ಸೀಟು ಬಾಯಿಪಾಠ ಆಗಿತ್ತು. ಲಿಫ್ಟ್‌ನಿಂದ 22 ಹೆಜ್ಜೆ, ಎಡಕ್ಕೆ ತಿರುಗಿದರೆ 9, ಬಲಗೈಗೆ ತಣ್ಣನೆ ಕಂಬ, ಕಂಬದ ಪಕ್ಕ ಕುರ್ಚಿ. ನೀರಿನ ಕ್ಯಾನ್‌ಗೆ 14. ಬಾತ್‌ರೂಮಿಗೆ 31. ಕೋಲನ್ನು ಹೆಚ್ಚು ಆಡಿಸದೆ ನಡೆದುಬಿಡುತ್ತಿದ್ದ, ಹೊಸಬರಿಗೆ ಅವನಿಗೆ ಕಣ್ಣು ಕಾಣಲ್ಲ ಅಂತಲೇ ಗೊತ್ತಾಗುತ್ತಿರಲಿಲ್ಲ.

ಹೊಸ ವ್ಯವಸ್ಥೆ ಬಂದ ಮೊದಲ ವಾರ ಲಿಫ್ಟ್ ಹತ್ತಿರ ನಿಂತಿದ್ದ. "ಅಕ್ಕಾ, ಇವತ್ತು ನಂದು 67ನೇ ಸೀಟಂತೆ. ಅದು ಯಾವ ಕಡೆ?" ಅಂತ ಕೇಳಿದ. ಆ್ಯಪ್‌ನಲ್ಲಿ ಸೀಟುಗಳ ನಕ್ಷೆ ಬರೀ ಚಿತ್ರ, ಅದನ್ನು ಸ್ಕ್ರೀನ್ ರೀಡರ್ ಓದಲ್ಲ. ರಾತ್ರಿ ಅವನ ರೂಮ್‌ಮೇಟ್ ನೋಡಿ ಬುಕ್ ಮಾಡಿಕೊಟ್ಟಿದ್ದನಂತೆ. ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಮೂರು ವರ್ಷದಿಂದ ಅವನು ಯಾರ ಕೈಯನ್ನೂ ಹಿಡಿದಿರಲಿಲ್ಲ. ಆ ದಿನ ಅವನು ನೀರು ಕುಡಿಯೋಕೂ ಹೆಚ್ಚು ಎದ್ದಿಲ್ಲ ಅಂತ ಸಂಜೆ ಗೊತ್ತಾಯಿತು. ಎದ್ದರೆ ವಾಪಸ್ ಬರುವ ದಾರಿ ಮತ್ತೆ ಯಾರನ್ನಾದರೂ ಕೇಳಬೇಕಲ್ಲ.

ಅವನಿಗೆ ಒಂದು ಖಾಯಂ ಸೀಟು ಕೊಡಿ ಅಂತ ನಾವು ಕೇಳಿದೆವು. ನಿಯಮ ಎಲ್ಲರಿಗೂ ಒಂದೇ ಅಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿಯನ್ನು ಮಾಡಿ ಪ್ರಕಟಿಸಬೇಕು. ಅದನ್ನೂ ಮೇಲ್‌ನಲ್ಲಿ ಬರೆದೆವು. ಐದು ತಿಂಗಳು ಹಿಡಿಯಿತು. ಒಬ್ಬರು ಕೆಟ್ಟವರಿದ್ದರು ಅಂತಲ್ಲ. ಮೇಲ್ ಹೋದಲ್ಲೆಲ್ಲ "ಖಂಡಿತ ನೋಡ್ತೀವಿ" ಅಂದರು. ಆದರೆ ಸೀಟು ಹಂಚುವ ಆ್ಯಪ್‌ನಲ್ಲಿ ಒಬ್ಬರಿಗೆ ಒಂದು ಸೀಟು ಅಂತ ಬರೆಯುವ ಜಾಗವೇ ಇರಲಿಲ್ಲ. ಹೊಂದಿಕೊಳ್ಳುವ ಆಫೀಸು ಅಂತ ಹೆಸರಿಟ್ಟ ಮೇಲೆ ಅದು ಒಬ್ಬ ಹುಡುಗನಿಗೆ ಹೊಂದಿಕೊಳ್ಳಲು ಐದು ತಿಂಗಳು ತಗೊಂಡರೆ, ಅಲ್ಲಿವರೆಗೆ ಹೊಂದಿಕೊಂಡವನು ಯಾರು? ಅವನೇ ತಾನೆ.

ನನಗೆ ತಿಳಿದ ಹಾಗೆ ಇಡೀ ವಿಷಯ ಇಲ್ಲೇ ಇದೆ. ಸೀಟು ಬದಲಾಗುತ್ತದೋ ಇಲ್ಲವೋ ಅನ್ನುವುದು ಎರಡನೆಯ ಮಾತು. ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದು ಮೊದಲನೆಯದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹಾಸ್ಲಂ 2010ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾನು ಅದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಜನರನ್ನು ನಾಲ್ಕು ಥರದ ಕೋಣೆಗಳಲ್ಲಿ ಕೂರಿಸಿ ಕೆಲಸ ಕೊಟ್ಟರು. ಒಂದು ಕೋಣೆ ಬೋಳು, ಮೇಜು ಕುರ್ಚಿ ಬಿಟ್ಟರೆ ಏನಿಲ್ಲ. ಇನ್ನೊಂದರಲ್ಲಿ ಗಿಡ, ಚಿತ್ರಗಳನ್ನು ಮೊದಲೇ ಜೋಡಿಸಿಟ್ಟಿದ್ದರು. ಮೂರನೆಯದರಲ್ಲಿ ಅದೇ ಗಿಡ, ಅದೇ ಚಿತ್ರ, ಆದರೆ ಕೂರುವವರೇ ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಬೋಳು ಕೋಣೆಗಿಂತ ಎರಡನೆಯದರಲ್ಲಿ ಕೆಲಸ ಸುಮಾರು 17 ಶೇಕಡಾ ಹೆಚ್ಚು ಸಾಗಿತು, ಮೂರನೆಯದರಲ್ಲಿ ಸುಮಾರು 32 ಶೇಕಡಾ. ನಾಲ್ಕನೆಯ ಕೋಣೆಯದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಅಲ್ಲೂ ಅವರವರೇ ಜೋಡಿಸಿಕೊಂಡರು. ಆಮೇಲೆ ಪ್ರಯೋಗ ನಡೆಸುವವರು ಬಂದು, ಅವರ ಕಣ್ಣೆದುರೇ ಎಲ್ಲವನ್ನೂ ಬೇರೆ ಥರ ಎತ್ತಿಟ್ಟರು. ಗಿಡ ಅಲ್ಲೇ ಇದೆ, ಚಿತ್ರ ಅಲ್ಲೇ ಇದೆ. ಬಂದ ಲಾಭವೆಲ್ಲ ಹೊರಟುಹೋಯಿತು, ಜನಕ್ಕೆ ಮನಸ್ಸೂ ಕೆಟ್ಟಿತು.

ನನ್ನದೂ ಒಂದು ಮನಿ ಪ್ಲಾಂಟ್ ಇತ್ತು, ಹಾರ್ಲಿಕ್ಸ್ ಬಾಟಲಿಯಲ್ಲಿ. ಮೇಜಿನ ಮೇಲೆ ಏನೂ ಇಡಬಾರದು ಅಂತ ಬಂದ ದಿನ ಅದನ್ನು ಎತ್ತಿಕೊಂಡು ಎಲ್ಲಿಡಲಿ ಅಂತ ನಿಂತಿದ್ದಾಗ ನಮ್ಮ ಮಹಡಿಯ ಹೌಸ್‌ಕೀಪಿಂಗ್ ಅಕ್ಕ ಬಂದು "ಕೊಡಿ ಮೇಡಂ, ಪ್ಯಾಂಟ್ರಿ ಕಿಟಕಿಗೆ ಇಡ್ತೀನಿ, ಅಲ್ಲಿ ಬಿಸಿಲೂ ಬರುತ್ತೆ" ಅಂತ ಇಸ್ಕೊಂಡು ಹೋದರು. ಯಾರು ಎಲ್ಲಿ ಕೂರುತ್ತಿದ್ದರು, ಯಾರಿಗೆ ಸಕ್ಕರೆ ಬೇಡ, ಯಾರ ಟೇಬಲ್ ಒರೆಸುವಾಗ ಗಣಪತಿಯನ್ನು ಹುಷಾರಾಗಿ ಎತ್ತಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಹೊಸ ವ್ಯವಸ್ಥೆ ಬಂದ ಮೇಲೆ "ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತಾನೇ ತಿಳಿಯಲ್ಲ ಮೇಡಂ" ಅಂದರು ಒಂದು ಸಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೇ ಬೇಕು ಅಂತ ನಾನು ಹಟ ಹಿಡಿದಿಲ್ಲ. ಹಿಂದೆ ಕಿಟಕಿಗಳೆಲ್ಲ ಮ್ಯಾನೇಜರುಗಳ ಕ್ಯಾಬಿನ್ನಿನಲ್ಲಿ ಸೇರಿಹೋಗಿದ್ದವು. ಈಗ ನಿನ್ನೆ ಸೇರಿದ ಹುಡುಗಿಯೂ ಫೆಬ್ರವರಿಯಲ್ಲಿ ಕಿಟಕಿ ಪಕ್ಕ ಕೂತು ಗುಲಾಬಿ ಬಣ್ಣದ ಟಬೂಬಿಯಾ ಹೂ ನೋಡಬಹುದು. ಮನೆಯಿಂದ ಕೆಲಸ ಮಾಡುವ ಎರಡು ದಿನ ನನಗೆ ಪ್ರಯಾಣದ ಎರಡೂವರೆ ಗಂಟೆ ಉಳಿಯುತ್ತದೆ, ಮಗಳನ್ನು ನಾನೇ ಸ್ಕೂಲಿನಿಂದ ಕರೆತರುತ್ತೇನೆ. ಅದನ್ನು ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿಲ್ಲ. ಆದರೆ ನನಗೆ ಹಿತವಾದದ್ದು ಎಲ್ಲರಿಗೂ ಹಿತ ಅಲ್ಲ. ಟೀಮಿನಲ್ಲಿ ಒಬ್ಬ ಮಾರತಹಳ್ಳಿಯ ಪಿಜಿಯಲ್ಲಿದ್ದಾನೆ, ಒಂದು ರೂಮಿಗೆ ಮೂರು ಮಂಚ. ವರ್ಕ್ ಫ್ರಂ ಹೋಂ ದಿನ ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ಬೆಂಗಳೂರಿನಲ್ಲಿ ಅವನಿಗೆ ಅಂತ ಇರುವ ಒಂದೇ ಮೇಜು ಆಫೀಸಿನದು. ಅದಕ್ಕೂ ಅವನು ರಾತ್ರಿ ಎಂಟಕ್ಕೆ ಪೈಪೋಟಿ ಮಾಡಬೇಕಾಗಿತ್ತು.

ಹೋದ ವರ್ಷ ನಮ್ಮ ಮ್ಯಾನೇಜರ್ ಒಂದು ಒಳ್ಳೆ ಕೆಲಸ ಮಾಡಿದರು. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ನಿಮಗೆ ಏನು ಬೇಕು ಹೇಳಿ ಅಂತ ಕೇಳಿದರು, ಅಷ್ಟೇ. ಅಷ್ಟು ವರ್ಷದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು. ಬೇಡಿಕೆಗಳೆಲ್ಲ ಸಣ್ಣವು. ಫೆಸಿಲಿಟಿ ಟೀಮಿನ ಹಿರಿಯರೊಬ್ಬರು ಶನಿವಾರ ಬಂದು ನಿಂತು ಮಾಡಿಸಿದರು. ಕಿಟಕಿ ಕಡೆಯ ಒಂದು ಸಾಲಿನಲ್ಲಿ ಫೋನ್ ಮಾತು ಬೇಡ ಅಂತಾಯಿತು, ಮಾತಾಡುವವರಿಗೆ ಪ್ಯಾಂಟ್ರಿ ಕಡೆಯ ಸಾಲು. ಸೊಂಟನೋವಿನವರಿಗೂ ಪಿಜಿ ಹುಡುಗನಿಗೂ ಖಾಯಂ ಸೀಟು. ಉಳಿದವರಿಗೆ ಟೀಮಿಗೊಂದು ಮೂಲೆ, ಆ ಮೂಲೆಯೊಳಗೆ ಎಲ್ಲಿ ಬೇಕಾದರೂ ಕೂರಬಹುದು, ಮೇಜಿನ ಮೇಲೆ ಒಂದು ಸಾಮಾನು ಬಿಡಬಹುದು. ಇದಕ್ಕೆ ಗೋಡೆ ಒಡೆಯಬೇಕಾಗಲಿಲ್ಲ, ಹೊಸ ಮೇಜು ತರಬೇಕಾಗಲಿಲ್ಲ. ನನ್ನ ಮಟ್ಟಿಗೆ ಹೇಳುತ್ತೇನೆ, ಆ ಮೌನದ ಸಾಲಿನಲ್ಲಿ ಕೂತ ದಿನ ಹಿಂದೆ ಎರಡು ದಿನ ಹಿಡಿಯುತ್ತಿದ್ದ ಅಧ್ಯಾಯ ಸಂಜೆಯೊಳಗೆ ಮುಗಿಯುತ್ತದೆ, ಮನೆಗೆ ಹೋದಾಗ ತಲೆ ಭಾರ ಇರುವುದಿಲ್ಲ.

ಹಾಸನದ ಹುಡುಗನಿಗೆ ಅವನ ಹಳೆ ಸೀಟೇ ಅದಕ್ಕೂ ಮೊದಲೇ ಸಿಕ್ಕಿತ್ತು, ಕಂಬದ ಪಕ್ಕದ್ದು. ಆದರೆ ಅಷ್ಟರಲ್ಲಿ ಮೇಜುಗಳನ್ನು ಬದಲಿಸಿ ಸ್ವಲ್ಪ ಜರುಗಿಸಿದ್ದರು, ಆ ಸಾಲಿನ ಆರೂ ಮೇಜು ಒಂದೇ ಥರ, ಕಂಬದಿಂದ ಎರಡನೆಯದೋ ಮೂರನೆಯದೋ ಅಂತ ಅವನು ಕೈಯಿಂದ ತಡವಬೇಕಾಗಿತ್ತು. ಒಂದು ಬೆಳಿಗ್ಗೆ ನಾನು ಬಂದಾಗ ಹೌಸ್‌ಕೀಪಿಂಗ್ ಅಕ್ಕ ಅವನ ಮೇಜಿನ ಅಂಚಿಗೆ ಬಗ್ಗಿ ಏನೋ ಒತ್ತುತ್ತಿದ್ದರು. ನೋಡಿದರೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು, ನಡುವೆ ಸಣ್ಣ ಕಲ್ಲು ಇರುವಂಥದ್ದು. "ಕಲ್ಲು ಇದ್ರೆ ಸಾರ್‌ಗೆ ಬೆರಳಿಗೆ ಸಿಗುತ್ತೆ ಮೇಡಂ" ಅಂದರು. ಅವನು ಬಂದ, ಎಡಕ್ಕೆ ತಿರುಗಿದ, ಕಂಬ ಮುಟ್ಟಿದ, ಬೆರಳುಗಳನ್ನು ಮೇಜಿನ ಅಂಚಿನ ಮೇಲೆ ಓಡಿಸುತ್ತಾ ಬಂದು ಬೊಟ್ಟಿನ ಹತ್ತಿರ ನಿಲ್ಲಿಸಿದ. ಮೇಜು ಒರೆಸಿ ಒರೆಸಿ ಅದು ತಿಂಗಳಿಗೊಮ್ಮೆ ಉದುರುತ್ತದೆ. ಅಕ್ಕ ಹೊಸದು ಅಂಟಿಸುತ್ತಾರೆ. ಈ ತಿಂಗಳದು ಹಸಿರು ಕಲ್ಲಿನದು.